ವೀಣೆಗೆ ಪ್ಲಗಿನ್ ಸಾಕೇ?

ಪ್ರಶ್ನೆ: ವಿಶಾಖಪಟ್ಟಣದ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ. ವೀಣೆಯ ನಾದ ಕೊಡುವ ದುಬಾರಿ ಸಾಫ್ಟ್‌ವೇರ್ ಪ್ಲಗಿನ್ ಕೊಳ್ಳಲೇ?

ಉತ್ತರ: ಅವಸರ ಬೇಡ. ಹೆಚ್ಚಿನ ಪ್ಲಗಿನ್‌ಗಳಲ್ಲಿರುವುದು ಬಿಡಿ ಸ್ವರಗಳ ಮುದ್ರಣ. ಕರ್ನಾಟಕ ಸಂಗೀತದ ಜೀವವಿರುವುದು ಸ್ವರದಿಂದ ಸ್ವರಕ್ಕೆ ಜಾರುವ ಗಮಕದಲ್ಲಿ. ತೋಡಿ ರಾಗದ ಗಾಂಧಾರವನ್ನು ಒಂದು ಕೀಲಿ ಒತ್ತಿ ನುಡಿಸಿದರೆ ಅದು ತೋಡಿಯಾಗದು. ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಇದೆಯಲ್ಲ ಎನ್ನಬಹುದು. ಇದೆ, ಸಾಮಾನ್ಯವಾಗಿ ಅದರ ವ್ಯಾಪ್ತಿ ಮೇಲೆ ಕೆಳಗೆ 2 ಅರ್ಧಸ್ವರ. ಅದನ್ನು ಹಿಗ್ಗಿಸಿದರೂ ಸ್ವರದ ಎತ್ತರ ಮಾತ್ರ ಜಾರುತ್ತದೆ, ಮೆಟ್ಟಿಲ ಮೇಲೆ ತಂತಿ ಎಳೆದಾಗ ಬದಲಾಗುವ ನಾದ ಬರದು. ತಂಬೂರಿಗೆ, ಹಿನ್ನೆಲೆಯ ಸ್ಟ್ರಿಂಗ್ಸ್‌ಗೆ ಉಚಿತ ಪ್ಲಗಿನ್ನೇ ಧಾರಾಳ. ಆದರೆ ಒಂದೇ ಹಲಸಿನ ದಿಮ್ಮಿಯಲ್ಲಿ ಕೆತ್ತುವ ಬೊಬ್ಬಿಲಿ ವೀಣೆಯ ಊರು ನಿಮ್ಮ ನೆರೆಯಲ್ಲೇ ಇದೆ; ವಿಜಯವಾಡದಲ್ಲಿ ಸರ್ಕಾರಿ ಸಂಗೀತ ಕಾಲೇಜೂ ಇದೆ. ಮುಖ್ಯ ವೀಣೆಯನ್ನು ಅಂಥ ಕಡೆಯ ವೈಣಿಕರಿಂದಲೇ ನುಡಿಸಿ ರೆಕಾರ್ಡ್ ಮಾಡಿ. ವೈಣಿಕರಿಗೆ ಸಂಭಾವನೆ ಕೊಡುವುದು ದುಬಾರಿಯಲ್ಲವೇ? ಹತ್ತಾರು ಹಾಡಿದ್ದರೆ ಹೌದು, ಒಂದೆರಡಕ್ಕೆ ಅಲ್ಲ. ಕೊಳ್ಳಲೇಬೇಕೆಂದರೆ ಮೊದಲು ಡೆಮೋದಲ್ಲಿ ತೋಡಿ ನುಡಿಸಿ ನೋಡಿ.