ಭಾಷಾಕಲಿಕೆಗೆ ಚಂದಾ ತೆರಲೇಬೇಕೆ?

ರಜೆಯ ದಿನಗಳಲ್ಲಿ ದೇವರಾಜ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿ ಮಲಯಾಳಂ, ತಮಿಳು ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ನಗರದ ಕೈಗಾರಿಕಾ ಪ್ರದೇಶಗಳಲ್ಲಿ ಹೊರ ರಾಜ್ಯಗಳ ಕಾರ್ಮಿಕರು ದುಡಿಯುತ್ತಿದ್ದಾರೆ. ಗಿರಾಕಿಯ ಮಾತು ತಿಳಿಯದಿದ್ದರೆ ಒಂದು ಮಾರಾಟ ತಪ್ಪೀತು. ಯಂತ್ರ ನಿಲ್ಲುವ ಮೊದಲು ಕೈ ಹಾಕಬಾರದೆಂಬ ಎಚ್ಚರಿಕೆ ಕಾರ್ಮಿಕನಿಗೆ ತಿಳಿಯದಿದ್ದರೆ ಬೆರಳೇ ಹೋದೀತು.

ಈ ಅಗತ್ಯಕ್ಕಾಗಿ ಡುಯೊಲಿಂಗೊದಂತಹ ಜನಪ್ರಿಯ ಮೊಬೈಲ್ ಆಪ್‌ಗಳತ್ತ ನೋಡುವುದು ಸಹಜ. ಅವುಗಳ ಉಚಿತ ಆವೃತ್ತಿಯಲ್ಲಿ ಜಾಹೀರಾತುಗಳ ಕಾಟವುಂಟು; ಅದು ಬೇಡವೆಂದರೆ ಚಂದಾ ತೆರಬೇಕು. ಹಣಕ್ಕಿಂತ ದೊಡ್ಡ ಕೊರತೆಯೆಂದರೆ, ಅವುಗಳ ಪಾಠಗಳು ಸರ್ವಸಾಮಾನ್ಯ ಕಲಿಕೆಗಾಗಿ ರಚಿತವಾದವು. ಮುಂಗಡ, ಉದ್ದರಿ, ಲಾರಿ ಬಾಡಿಗೆ ಇವು ನಮ್ಮ ಪಾಠಗಳು.

ಉಚಿತ ಸಾಮಗ್ರಿಯ ಒಂದು ನೆಲೆ ನಮ್ಮೂರಿನಲ್ಲಿಯೇ ಇದೆ. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನವು 1969ರಲ್ಲಿ ಸ್ಥಾಪನೆಗೊಂಡಿತು. ಅದು ನಿರ್ವಹಿಸುವ ‘ಭಾರತವಾಣಿ’ ಜಾಲತಾಣ 2016ರಲ್ಲಿ ಆರಂಭವಾಯಿತು; ಹಲವು ಭಾರತೀಯ ಭಾಷೆಗಳ ನಿಘಂಟುಗಳೂ ಪುಸ್ತಕಗಳೂ ಅಲ್ಲಿ ಉಚಿತವಾಗಿ ದೊರೆಯುತ್ತವೆ. ನಿಘಂಟು ತಿರುವಿದ ಮಾತ್ರಕ್ಕೆ ನಾಲಿಗೆ ಹೊರಳದು ಎಂಬುದೂ ನಿಜವೇ. ಆ ಕೊರತೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯವು 2021ರಲ್ಲಿ ಹೊರತಂದ ‘ಭಾಷಾ ಸಂಗಮ’ ಆಪ್ ಸ್ವಲ್ಪಮಟ್ಟಿಗೆ ತುಂಬುತ್ತದೆ. 22 ಭಾಷೆಗಳ ದಿನಬಳಕೆಯ ವಾಕ್ಯಗಳನ್ನು ಕಲಿಸುವುದು ಅದರ ಉದ್ದೇಶ.

ಊದುಬತ್ತಿ, ರೇಷ್ಮೆಗಳನ್ನು ವಿದೇಶಕ್ಕೆ ಕಳುಹಿಸುವವರಿಗೂ ದಾರಿಗಳಿವೆ. ಜರ್ಮನಿಯ ಡಾಯ್ಚೆ ವೆಲ್ಲೆ ಪ್ರಸಾರ ಸಂಸ್ಥೆಯ ‘ನಿಕೋಸ್ ವೇಗ್’ ಎಂಬ ವೀಡಿಯೋ ಪಾಠಮಾಲೆಗೂ ಜಪಾನ್ ಫೌಂಡೇಶನ್ನಿನ ‘ಇರೋದೋರಿ’ ಪಠ್ಯ ಮತ್ತು ಧ್ವನಿಪಾಠಗಳಿಗೂ ಶುಲ್ಕವಿಲ್ಲ. ಆದರೆ ಇವು ಇಂಗ್ಲಿಷಿನ ಮೂಲಕ ಕಲಿಸುತ್ತವೆ, ಕನ್ನಡದ ಮೂಲಕವಲ್ಲ.

ನಮ್ಮ ದೃಷ್ಟಿಯಲ್ಲಿ ಅತ್ಯುಪಯುಕ್ತವಾದುದು ‘ಆಂಕಿ’. ಇದರಲ್ಲಿ ಸಿದ್ಧಪಾಠಗಳ ಹಂಗಿಲ್ಲ. ನಾವೇ ಬರೆದ ಚೀಟಿಗಳನ್ನು, ಮರೆಯುವ ಹೊತ್ತಿಗೆ ಸರಿಯಾಗಿ, ಅದು ಮತ್ತೆ ಮುಂದಿಡುತ್ತದೆ. ಕಂಪ್ಯೂಟರ್ ಹಾಗೂ ಆಂಡ್ರಾಯ್ಡ್ ಫೋನುಗಳಲ್ಲಿ ಉಚಿತ. ಐಫೋನಿನ ಅಧಿಕೃತ ಆವೃತ್ತಿಗೆ ಮಾತ್ರ ಬೆಲೆಯುಂಟು. ಅಂಗಡಿಯಲ್ಲಿ ನಿತ್ಯ ಆಡುವ ಐವತ್ತು ಮಾತುಗಳನ್ನು ಪಟ್ಟಿಮಾಡಿ, ಮಲಯಾಳಂ ಬಲ್ಲ ಪರಿಚಿತರಿಂದ ಹೇಳಿಸಿ, ಫೋನಿನಲ್ಲಿ ಮುದ್ರಿಸಿಕೊಂಡು ಚೀಟಿಗಳಿಗೆ ಜೋಡಿಸಬಹುದು. ಖರ್ಚೆಂದರೆ ಅವರಿಗೆ ಕೊಡಿಸುವ ಕಾಫಿಯದು.

ಕಾರ್ಖಾನೆಯಲ್ಲಿ ಇದೇ ಕ್ರಮವನ್ನು ಎರಡೂ ಕಡೆಯಿಂದ ನಡೆಸಬೇಕು. ಸುರಕ್ಷತೆಯ ಇಪ್ಪತ್ತು ಮಾತುಗಳನ್ನು ಮೇಸ್ತ್ರಿ ಕಾರ್ಮಿಕನ ಭಾಷೆಯಲ್ಲಿ ಕಲಿಯಲಿ, ಕಾರ್ಮಿಕನು ಕನ್ನಡದಲ್ಲಿ ಕಲಿಯಲಿ. ಚೀಟಿ ಫೋನಿನಲ್ಲಿದ್ದರೆ ಸಾಲದು. ಮೊದಲ ವಾರ, ಯಂತ್ರ ಚಾಲೂ ಮಾಡುವ ಮುನ್ನ, ಅದರ ಪಕ್ಕದಲ್ಲಿಯೇ ನಿಂತು ಇಬ್ಬರೂ ಗಟ್ಟಿಯಾಗಿ ಹೇಳಬೇಕು.