ಸ್ಯಾನ್ ಸಿರೊ ಟಿಕೆಟಿನ ಮೇಲೆ ಹೆಸರೇಕೆ?

ಇಟಲಿಯ ಮಿಲಾನ್ ನಗರದಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಹೊರಟವನ ಜೇಬಿನಲ್ಲಿ ಎರಡು ವಸ್ತುಗಳಿರಬೇಕು. ಒಂದು ಟಿಕೆಟ್, ಇನ್ನೊಂದು ಗುರುತಿನ ಚೀಟಿ. ಟಿಕೆಟಿನ ಮೇಲೆ ಆಸನದ ಸಂಖ್ಯೆ ಇರುವಂತೆ ಪ್ರೇಕ್ಷಕನ ಹೆಸರೂ ಇರುತ್ತದೆ. ಎರಡರಲ್ಲೂ ಹೆಸರು ತಾಳೆಯಾಗದಿದ್ದರೆ ದ್ವಾರಪಾಲಕ ಹಿಂದಕ್ಕೆ ಕಳಿಸಬಹುದು. ದುಡ್ಡು ಕೊಟ್ಟವನೇ ಒಡೆಯ ಎನ್ನುವ ಸಿನಿಮಾ ಟಿಕೆಟಿನ ಜಾತಿಯಲ್ಲ ಇದು. ರೈಲಿನ ರಿಸರ್ವೇಶನ್ ಟಿಕೆಟಿನ ಜಾತಿಗೆ ಸೇರಿದ್ದು.

ಆಟ ನೋಡುವುದಕ್ಕೆ ಇಷ್ಟೊಂದು ಬಿಗಿ ಏಕೆ? ಅದಕ್ಕೆ ಉತ್ತರ ಗ್ಯಾಲರಿಗಳ ರಕ್ತಸಿಕ್ತ ಚರಿತ್ರೆಯಲ್ಲಿದೆ.

ಮೊದಲು ಕ್ರೀಡಾಂಗಣದ ಮಾತು. ಎ.ಸಿ. ಮಿಲಾನ್ ಮತ್ತು ಇಂಟರ್ ಎಂಬ ಬದ್ಧ ವೈರಿಗಳಿಬ್ಬರಿಗೂ ತವರು ಮೈದಾನ ಒಂದೇ. ಟೈರು ತಯಾರಿಕೆಯ ಮನೆತನದವನೂ ಮಿಲಾನ್ ಕ್ಲಬ್ಬಿನ ಅಧ್ಯಕ್ಷನೂ ಆಗಿದ್ದ ಪಿಯೆರೊ ಪಿರೆಲ್ಲಿ ಕಟ್ಟಿಸಿದ ಸ್ಯಾನ್ ಸಿರೊ 1926ರಲ್ಲಿ ಉದ್ಘಾಟನೆಯಾಯಿತು. ಮೊದಲ ಪಂದ್ಯದಲ್ಲಿ ಇಂಟರ್ 6–3ರಿಂದ ಮಿಲಾನನ್ನು ಸೋಲಿಸಿತೆಂಬುದು ಮನೆಯೊಡೆಯನಿಗೆ ಅಷ್ಟೇನೂ ಹಿತವಾದ ಆರಂಭವಲ್ಲ. 1980ರಲ್ಲಿ ಅದಕ್ಕೆ ಹಳೆಯ ತಾರೆ ಜುಸೆಪ್ಪೆ ಮೆಯಾಜ್ಜಾ ಅವರ ಹೆಸರಿಟ್ಟರು. 1990ರ ವಿಶ್ವಕಪ್‌ಗೆಂದು ಮೂರನೆಯ ಅಂತಸ್ತನ್ನೂ ಕೆಂಪು ತೊಲೆಗಳ ಛಾವಣಿಯನ್ನೂ ಕಟ್ಟಿದರು. ಕ್ಯಾಮರೂನ್ ತಂಡ ಮರಡೋನಾನ ಅರ್ಜೆಂಟೀನಾವನ್ನು 1–0ರಿಂದ ಬೀಳಿಸಿದ್ದು ಇದೇ ಅಂಗಣದಲ್ಲಿ. ಆ ವರ್ಷ ಟಿ.ವಿ. ಮುಂದೆ ಕುಳಿತು ನಿದ್ದೆಗೆಟ್ಟವರಿಗೆ ಸ್ಯಾನ್ ಸಿರೊ ಅಪರಿಚಿತವಲ್ಲ.

ಗೋಲುಕಂಬಗಳ ಹಿಂದಿನ ಬಾಗಿದ ಗ್ಯಾಲರಿಗೆ ಇಟಲಿಯಲ್ಲಿ 'ಕುರ್ವಾ' ಎನ್ನುತ್ತಾರೆ. ಟಿಕೆಟ್ ಅಗ್ಗ, ಗದ್ದಲ ಜಾಸ್ತಿ. ದಕ್ಷಿಣದ ಕುರ್ವಾ ಮಿಲಾನಿನದು, ಉತ್ತರದ್ದು ಇಂಟರ್‌ನದು. 'ಉಲ್ಟ್ರಾ' ಎನ್ನಿಸಿಕೊಂಡ ಉಗ್ರ ಅಭಿಮಾನಿಗಳ ಕೋಟೆ ಇದು. ಭಾರೀ ಧ್ವಜ, ನಗಾರಿ, ತೊಂಬತ್ತು ನಿಮಿಷ ನಿಲ್ಲದ ಹಾಡು. ಇಟಲಿಯ ಫುಟ್‌ಬಾಲಿಗೆ ಬಣ್ಣ ಬಂದದ್ದು ಇವರಿಂದ. ಕಳಂಕ ತಟ್ಟಿದ್ದೂ ಇವರಿಂದಲೇ.

1979ರ ಅಕ್ಟೋಬರ್‌ನಲ್ಲಿ ರೋಮಿನ ಎರಡು ಕ್ಲಬ್‌ಗಳ ಪಂದ್ಯಕ್ಕೆ ಮುನ್ನ ಒಂದು ಕುರ್ವಾದಿಂದ ಹಾರಿಬಿಟ್ಟ ರಾಕೆಟ್ ಎದುರು ತುದಿಯಲ್ಲಿದ್ದ ವಿನ್ಸೆಂಜೊ ಪಾಪರೆಲ್ಲಿ ಎಂಬಾತನನ್ನು ಕೊಂದಿತು. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಯುವೆಂಟಸ್–ಲಿವರ್‌ಪೂಲ್ ಫೈನಲ್ ಆರಂಭವಾಗುವ ಮುನ್ನ 39 ಜನ ಸತ್ತರು. ಅವರಲ್ಲಿ 32 ಮಂದಿ ಇಟಲಿಯವರು. ಈ ದುರಂತದಲ್ಲಿ ಟಿಕೆಟಿನ ಪಾತ್ರವೂ ಇತ್ತು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಲಿವರ್‌ಪೂಲ್ ಬೆಂಬಲಿಗರ ಪಕ್ಕದ 'ಝಡ್' ವಿಭಾಗ ಯಾವ ಕಡೆಗೂ ಸೇರದ ಬೆಲ್ಜಿಯಂ ಪ್ರೇಕ್ಷಕರಿಗೆ ಮೀಸಲಾಗಿತ್ತು. ಆದರೆ ಆ ಟಿಕೆಟುಗಳು ಕೈಯಿಂದ ಕೈಗೆ ದಾಟಿ ಇಟಲಿಯವರನ್ನು ಸೇರಿದವು. ಲಿವರ್‌ಪೂಲ್ ಗುಂಪು ನುಗ್ಗಿದಾಗ ಹಿಂದೆ ಸರಿದವರು ಗೋಡೆಯ ಬಳಿ ಸಿಕ್ಕಿಕೊಂಡರು, ಗೋಡೆ ಕುಸಿಯಿತು. ಯಾರು ಎಲ್ಲಿ ಕುಳಿತಿದ್ದಾರೆಂಬುದು ಮಾರಿದವರಿಗೇ ತಿಳಿಯದಿದ್ದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ.

1989ರಲ್ಲಿ ಇಟಲಿ ಒಂದು ಕಾನೂನು ಮಾಡಿತು. ಪುಂಡಾಟ ನಡೆಸಿದವನನ್ನು ಕ್ರೀಡಾಂಗಣದಿಂದ ದೂರವಿಡುವ ಅಧಿಕಾರ ಪೊಲೀಸರಿಗೆ ಬಂತು. 'ದಾಸ್ಪೊ' ಎಂದು ಕರೆಯುವ ಈ ನಿಷೇಧಕ್ಕೆ ಒಳಗಾದವನು ಪಂದ್ಯದ ಹೊತ್ತಿಗೆ ಠಾಣೆಗೆ ಹೋಗಿ ಸಹಿ ಹಾಕಬೇಕಾಗಿ ಬರಬಹುದು. ಆದರೆ ಟಿಕೆಟಿನಲ್ಲಿ ಹೆಸರೇ ಇಲ್ಲದಿದ್ದಾಗ ನಿಷೇಧಿತನನ್ನು ಬಾಗಿಲಲ್ಲಿ ಗುರುತಿಸುವವರು ಯಾರು? ಟಿಕೆಟುಗಳೋ ಬ್ಯಾಂಕ್ ಶಾಖೆ, ತಂಬಾಕಿನ ಅಂಗಡಿ ಎನ್ನದೆ ಎಲ್ಲೆಡೆ ಸಿಗುತ್ತಿದ್ದವು. ಅಲ್ಲೂ ಸಿಗದಿದ್ದರೆ 'ಬಗರೀನೊ' ಇದ್ದೇ ಇದ್ದ. ನಮ್ಮ ಬ್ಲ್ಯಾಕ್ ಟಿಕೆಟ್ ಮಾರಾಟಗಾರನ ಇಟಲಿಯ ಸೋದರ ಅವನು.

ಅಂದಿನ ತಪಾಸಣೆ ಎಷ್ಟು ಸಡಿಲವಾಗಿತ್ತೆಂದರೆ 2001ರ ಮೇ ತಿಂಗಳಲ್ಲಿ ಇಂಟರ್–ಅಟಲಾಂಟಾ ಪಂದ್ಯದ ವೇಳೆ ಸ್ಯಾನ್ ಸಿರೊದ ಎರಡನೆಯ ಅಂತಸ್ತಿಗೆ ಒಂದು ಸ್ಕೂಟರನ್ನೇ ಹೊತ್ತುಕೊಂಡು ಹೋಗಿ ಕೆಳಕ್ಕೆ ಎಸೆದರು. ಕೆಳಗೆ ಯಾರೂ ಇರಲಿಲ್ಲವೆಂಬುದು ಪುಣ್ಯ. 2005ರ ಏಪ್ರಿಲ್‌ನಲ್ಲಿ ಇಂಟರ್–ಮಿಲಾನ್ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಉರಿಯುವ ಪಟಾಕಿಯೊಂದು ಮಿಲಾನಿನ ಗೋಲ್‌ಕೀಪರ್ ದೀದಾನ ಹೆಗಲಿಗೆ ಬಡಿದು ಆಟವೇ ನಿಂತಿತು. ಹೊಗೆಯಲ್ಲಿ ಮುಳುಗಿದ ಅಂಗಣವನ್ನು ಇಂಟರ್‌ನ ಮಾಟರಾಜ್ಜಿ, ಮಿಲಾನಿನ ರುಯಿ ಕೋಸ್ಟಾನ ಹೆಗಲ ಮೇಲೆ ಕೈಯೂರಿ ನೋಡುತ್ತ ನಿಂತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಅದೇ ವರ್ಷ ಗೃಹಮಂತ್ರಿ ಪಿಸಾನು ಹೊರಡಿಸಿದ ಆದೇಶಗಳಿಂದ ದೊಡ್ಡ ಅಂಗಣಗಳಲ್ಲಿ ಹೆಸರಿರುವ ಟಿಕೆಟು, ಸಂಖ್ಯೆಯಿರುವ ಆಸನ, ತಿರುಗುಬಾಗಿಲು, ಕ್ಯಾಮೆರಾ ಕಡ್ಡಾಯವಾದವು. ಆದರೂ ಅನೇಕ ನಗರಗಳಲ್ಲಿ ಅದು ಕಾಗದದ ಮೇಲೇ ಉಳಿಯಿತು. ಇಟಲಿಯಲ್ಲಿ ಹೆಚ್ಚಿನ ಕ್ರೀಡಾಂಗಣಗಳು ನಗರಸಭೆಗಳ ಸೊತ್ತು. ಖರ್ಚು ಯಾರದೆಂಬ ಹಗ್ಗಜಗ್ಗಾಟಕ್ಕೆ ಕೊನೆಯಿರಲಿಲ್ಲ. 2007ರ ಫೆಬ್ರುವರಿ 2ರಂದು ಸಿಸಿಲಿಯ ಕತಾನಿಯಾದಲ್ಲಿ ಪಲೆರ್ಮೊ ವಿರುದ್ಧದ ಪಂದ್ಯದ ದಿನ ನಡೆದ ಗಲಭೆಯಲ್ಲಿ ಫಿಲಿಪ್ಪೊ ರಾಚಿತಿ ಎಂಬ 40 ವರ್ಷದ ಪೊಲೀಸ್ ಅಧಿಕಾರಿ ಸತ್ತ ಮೇಲೆ ಸರ್ಕಾರಕ್ಕೆ ಬಿಸಿ ಮುಟ್ಟಿತು. ನಿಯಮ ಪಾಲಿಸದ ಅಂಗಣಗಳಿಗೆ ಪ್ರೇಕ್ಷಕರನ್ನು ಬಿಡಲಿಲ್ಲ. ಖಾಲಿ ಗ್ಯಾಲರಿಗಳೆದುರು ಪಂದ್ಯಗಳು ನಡೆದವು.

2010–11ರ ಸಾಲಿನಿಂದ ಇನ್ನೂ ಒಂದು ಹೆಜ್ಜೆ. ಸೀಸನ್ ಟಿಕೆಟಿಗೂ ಪರಊರಿನ ಪಂದ್ಯದಲ್ಲಿ ತಮ್ಮ ತಂಡದ ಬೆಂಬಲಿಗರ ವಿಭಾಗದಲ್ಲಿ ಕೂರುವುದಕ್ಕೂ 'ಅಭಿಮಾನಿ ಕಾರ್ಡ್' ಬೇಕಾಯಿತು. ಹೆಂಡತಿ ಮಕ್ಕಳೊಡನೆ ಬರುವವನನ್ನೂ ಅಪರಾಧಿಯಂತೆ ದಾಖಲೆ ಮಾಡುತ್ತೀರಾ ಎಂದು ಉಲ್ಟ್ರಾಗಳು ಬೀದಿಗಿಳಿದರು. ಅವರಿಗೆ ಪೊಲೀಸರ ಮೇಲೆ ನಂಬಿಕೆ ಇಲ್ಲದ್ದಕ್ಕೂ ಕಾರಣವಿತ್ತು. 2007ರ ನವೆಂಬರ್‌ನಲ್ಲಿ ಅರೆಝ್ಜೊ ಬಳಿ ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಪೊಲೀಸನೊಬ್ಬ ಹಾರಿಸಿದ ಗುಂಡಿಗೆ ಕಾರಿನಲ್ಲಿದ್ದ ಲಾಜಿಯೊ ಅಭಿಮಾನಿ ಗಬ್ರಿಯೆಲೆ ಸಾಂದ್ರಿ ಬಲಿಯಾಗಿದ್ದ. 2017ರ ಒಪ್ಪಂದದ ನಂತರ ಕಾರ್ಡಿನ ಬಿಗಿ ಸಡಿಲಾಯಿತು. ಹೆಸರಿನ ಟಿಕೆಟ್ ಮಾತ್ರ ಉಳಿಯಿತು.

ಇಂದು ಕೊಳ್ಳುವ ಕ್ರಮ ಹೀಗೆ: ಸೀಸನ್ ಟಿಕೆಟಿನವರಿಗೆ ಮೊದಲ ಸರದಿ, ಕ್ಲಬ್ಬಿನ ಕಾರ್ಡಿದ್ದವರಿಗೆ ಎರಡನೆಯದು, ಉಳಿದದ್ದು ಸಾರ್ವಜನಿಕರಿಗೆ. ಮಿಲಾನ್–ಇಂಟರ್‌ನಂಥ ಪಂದ್ಯದಲ್ಲಿ ಮೂರನೆಯ ಸರದಿಗೆ ಹೆಚ್ಚೇನೂ ಉಳಿಯುವುದಿಲ್ಲ. ಕೆಲವು ಪಂದ್ಯಗಳಿಗೆ ಇಂಥ ಪ್ರಾಂತ್ಯದ ನಿವಾಸಿಗಳಿಗೆ ಮಾರಕೂಡದು ಎಂಬ ಆದೇಶವೂ ಬರುತ್ತದೆ. ನೇಪಲ್ಸ್ ತಂಡ ಯುವೆಂಟಸ್ಸಿನ ಊರಿಗೆ ಹೋದಾಗ ಕಂಪಾನಿಯಾ ಪ್ರಾಂತ್ಯದವರು ಇಂಥ ನಿಷೇಧ ಕಂಡಿದ್ದಾರೆ. ವಿಳಾಸವೇ ಅಪರಾಧ!

ದೂರದಿಂದ ಹೋಗುವವರಿಗೆ ಮತ್ತೆರಡು ತೊಡಕು. ಹಿಂದೆ ಪಂದ್ಯಗಳೆಲ್ಲ ಭಾನುವಾರ ಮಧ್ಯಾಹ್ನವೇ ನಡೆಯುತ್ತಿದ್ದವು. ಈಗ ಟಿ.ವಿ.ಯವರ ಅನುಕೂಲಕ್ಕೆ ಶುಕ್ರವಾರದಿಂದ ಸೋಮವಾರದವರೆಗೆ ಹಂಚಿಹೋಗಿವೆ. ವೇಳಾಪಟ್ಟಿಯಲ್ಲಿ ಮೊದಲು ಸಿಗುವುದು ವಾರಾಂತ್ಯ ಮಾತ್ರ. ದಿನ, ಗಂಟೆ ಆಮೇಲೆ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ವಿಮಾನದ ಟಿಕೆಟ್ ಕೊಂಡವರು ಪಂದ್ಯದ ಹೊತ್ತಿಗೆ ಆಕಾಶದಲ್ಲಿರುವ ಸಂಭವ ಉಂಟು. ಇನ್ನೊಂದು, ಹೆಸರು, ಅಡ್ಡಹೆಸರು, ಹುಟ್ಟಿದ ದಿನ, ಊರು ಎಲ್ಲವನ್ನೂ ಕೇಳುತ್ತಾರೆ. ಅಡ್ಡಹೆಸರಿನ ಬದಲು ಊರಿನ, ತಂದೆಯ ಇನಿಶಿಯಲ್ ಇಟ್ಟುಕೊಂಡ ಕನ್ನಡಿಗರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ತುಂಬುವುದು ಕ್ಷೇಮ.

ಇಷ್ಟೆಲ್ಲ ಮಾಡಿ ಕಾಳಸಂತೆ ನಿಂತಿತೇ? ಇಲ್ಲ. ಟಿಕೆಟನ್ನು ಮತ್ತೊಬ್ಬರ ಹೆಸರಿಗೆ ಬದಲಾಯಿಸಲು ಅವಕಾಶವಿರುವುದು ನ್ಯಾಯವೇ. ಜ್ವರ ಬಂದವನು ಗೆಳೆಯನಿಗೆ ಕೊಡಬೇಡವೇ? ಆದರೆ ದಂಧೆಯ ಬೇರು ಗೇಟಿನ ಹೊರಗಿಗಿಂತ ಒಳಗಿತ್ತು. ಒಬ್ಬರಿಗೆ ನಾಲ್ಕೇ ಟಿಕೆಟ್ ಎಂಬ ಮಿತಿಯನ್ನು ಮೀರಿ ಉಲ್ಟ್ರಾ ಗುಂಪುಗಳಿಗೆ ಟಿಕೆಟ್ ಒದಗಿಸಿದ ಪ್ರಕರಣದಲ್ಲಿ 2017ರಲ್ಲಿ ಯುವೆಂಟಸ್ ಅಧ್ಯಕ್ಷ ಆಂದ್ರೆಯಾ ಅನ್ಯೆಲ್ಲಿಗೆ ಫುಟ್‌ಬಾಲ್ ಒಕ್ಕೂಟದ ನ್ಯಾಯಮಂಡಳಿ ಒಂದು ವರ್ಷದ ನಿಷೇಧ ಹಾಕಿತು. ಮೇಲ್ಮನವಿಯಲ್ಲಿ ಅದು ಕಡಿಮೆಯಾಗಿ ದಂಡ ಉಳಿಯಿತು. ಆ ಟಿಕೆಟುಗಳ ಲಾಭಕ್ಕೆ ಕಲಾಬ್ರಿಯಾದ ಮಾಫಿಯಾ ಕೈಹಾಕಿತ್ತೆಂಬುದು ತನಿಖೆಯಲ್ಲಿ ಹೊರಬಂದ ಸಂಗತಿ. 2024ರ ಸೆಪ್ಟೆಂಬರ್ 30ರಂದು ಮಿಲಾನಿನ ಪೊಲೀಸರು ಇಂಟರ್, ಮಿಲಾನ್ ಎರಡೂ ಕುರ್ವಾಗಳಿಗೆ ಸೇರಿದ 19 ಮಂದಿಯನ್ನು ಬಂಧಿಸಿದರು. ಸುಲಿಗೆ, ಟಿಕೆಟ್ ಕಾಳದಂಧೆ, ಪಾರ್ಕಿಂಗ್ ವ್ಯವಹಾರದಲ್ಲಿ ಪಾಲು ಇತ್ಯಾದಿ ಆರೋಪಗಳು. ಗ್ಯಾಲರಿಯಲ್ಲಿ ಹಾವು-ಮುಂಗುಸಿಯಂತಿದ್ದವರು ದುಡ್ಡಿನ ವಿಷಯದಲ್ಲಿ ಕೈಕುಲುಕಿದ್ದರೆಂದು ತನಿಖೆಗಾರರು ಹೇಳಿದರು.

2025ರಲ್ಲಿ ಮಿಲಾನ್ ನಗರಸಭೆ ಸ್ಯಾನ್ ಸಿರೊವನ್ನು ಎರಡೂ ಕ್ಲಬ್‌ಗಳಿಗೆ ಮಾರಲು ಒಪ್ಪಿತು. ಪಕ್ಕದಲ್ಲೇ ಹೊಸ ಅಂಗಣ ಕಟ್ಟಿ, ಹಳೆಯದರಲ್ಲಿ ಬಹುಪಾಲನ್ನು ಕೆಡಹುವುದು ಯೋಜನೆ. ಮೂರನೆಯ ಅಂತಸ್ತಿನ ಕಡಿದಾದ ಮೆಟ್ಟಿಲುಗಳಿಂದ ಒಮ್ಮೆಯಾದರೂ ಆಟ ನೋಡಬೇಕೆಂದವರು ಹೊಸ ಅಂಗಣ ಏಳುವ ಮುನ್ನವೇ ಹೋಗಿಬರಬೇಕು, ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಡದೆ.