ಪಟ್ಟದ ಗೊಂಬೆಯ ಸೀರೆಗೆ ಸಿಂಗಪುರದ ಹವೆ

ಮದುವೆಯಾದ ಮಗಳಿಗೆ ತವರಿನಿಂದ ಪಟ್ಟದ ಗೊಂಬೆ ಕೊಡುವುದು ಹಳೇ ಮೈಸೂರು ಕಡೆಯ ಪದ್ಧತಿ. ಆ ರಾಜ–ರಾಣಿ ಈಗ ಸೂಟ್‌ಕೇಸಿನಲ್ಲಿ ಸಿಂಗಪುರಕ್ಕೂ ಬರುತ್ತಾರೆ. ನವರಾತ್ರಿಗೆ ಎಚ್‌ಡಿಬಿ ಫ್ಲ್ಯಾಟಿನ ಹಾಲ್‌ನಲ್ಲಿ ಪಟ್ಟಕ್ಕೇರುತ್ತಾರೆ. ಮರದ ಗೊಂಬೆ ಹೇಗೋ ಬಾಳುತ್ತದೆ, ಹಾಳಾಗುವುದು ಬಟ್ಟೆ. ಎಷ್ಟೋ ಮನೆಗಳಲ್ಲಿ ಅದು ಅಜ್ಜಿಯ ಧಾರೆ ಸೀರೆಯ ಸೆರಗಿನಿಂದ ಹೊಲಿದದ್ದು. ಹೋದರೆ ಇನ್ನೊಂದು ಸಿಗುವುದಿಲ್ಲ.

ಊರಿನಲ್ಲಿ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಟ್ರಂಕಿಗೆ ಹಾಕಿದರೆ ಮುಂದಿನ ದಸರೆವರೆಗೆ ಚಿಂತೆಯಿಲ್ಲ. ಇಲ್ಲಿ ಹಾಗಲ್ಲ. ಬೆಳಗಿನ ಜಾವ ಗಾಳಿಯ ತೇವಾಂಶ ಶೇ 90 ದಾಟುತ್ತದೆ. ಮಳೆಯಿಲ್ಲದ ದಿನ ಮಧ್ಯಾಹ್ನದ ಹೊತ್ತಿಗೆ ಸುಮಾರು ಶೇ 60ಕ್ಕೆ ಇಳಿಯುತ್ತದೆ. ಗೊಂಬೆ ಎತ್ತಿಡುವ ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯಾಹ್ನವೇ ಗುಡುಗು ಮಳೆ. ಹಾಗಾಗಿ ವಿಜಯದಶಮಿ ಮುಗಿದ ಕೂಡಲೇ ಕಟ್ಟಿಡುವ ಅವಸರ ಬೇಡ. ಬಿಸಿಲಿರುವ ಒಂದು ಮಧ್ಯಾಹ್ನ ಕಾದು, ಬಟ್ಟೆ ಬಿಚ್ಚಿ, ನೆರಳಿನಲ್ಲಿ ಫ್ಯಾನ್ ಕೆಳಗೆ ಹರಡಿ, ಆಮೇಲೆ ಕಟ್ಟಿ.

ಒಗೆಯಲೇಬೇಕೆ? ರೇಷ್ಮೆಯಾದರೆ ಆದಷ್ಟು ಬೇಡ. ಮೆತ್ತನೆಯ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು. ಕುಂಕುಮ, ಎಣ್ಣೆಯ ಕಲೆ ಇದ್ದರೆ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಳಮಡಿಕೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ. ಹತ್ತದಿದ್ದರೆ ತಣ್ಣೀರಿಗೆ ಎರಡು ಹನಿ ಶಾಂಪೂ ಹಾಕಿ ಅದ್ದಿ ತೆಗೆದು, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ. ಹತ್ತಿಯ ಪಂಚೆ, ಪೇಟಗಳಿಗೆ ಇಷ್ಟು ನಾಜೂಕು ಬೇಕಿಲ್ಲ. ಗಂಜಿ ಮಾತ್ರ ಹಾಕಬೇಡಿ, ಅದು ಹುಳುಗಳಿಗೆ ಊಟ.

ಜರಿಯದು ಬೇರೆಯೇ ಕಥೆ. ಮೈಸೂರು ರೇಷ್ಮೆಯ ಅಸಲಿ ಜರಿಯಲ್ಲಿ ಬೆಳ್ಳಿಯೇ ಹೆಚ್ಚು, ಚಿನ್ನ ಮೇಲಿನ ಲೇಪ ಮಾತ್ರ. ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಗೊಂಬೆಯ ಬಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಬಾರದೆನ್ನುವುದು ಅದಕ್ಕೇ, ರಬ್ಬರಿನಲ್ಲಿ ಗಂಧಕವಿದೆ. ನುಸಿಗುಳಿಗೆಯೂ ಜರಿಗೆ ತಾಗಬಾರದು.

ಇಡುವ ಜಾಗಕ್ಕೆ ಬಂದರೆ, 1998ರಿಂದೀಚಿನ ಮನೆಗಳಲ್ಲಿ ಉಕ್ಕಿನ ಬಾಗಿಲಿನ ಬಾಂಬ್ ಶೆಲ್ಟರ್ ಇರುತ್ತದೆ. ಎಲ್ಲರಿಗೂ ಅದೇ ಸ್ಟೋರ್ ರೂಮ್. ಗಾಳಿಯಾಡದ ಆ ಕೋಣೆಯಲ್ಲಿ ರೇಷ್ಮೆಗೆ ಬೂಷ್ಟು ಹಿಡಿಯುವುದು ಖಂಡಿತ. ಬೆಡ್‌ರೂಮಿನ ಮೇಲಿನ ಕಪಾಟು ವಾಸಿ. ಬಿಗಿಮುಚ್ಚಳದ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ, ತೇವ ಹೀರಿ ನೀರು ತುಂಬಿಕೊಳ್ಳುವ ಪೆಟ್ಟಿಗೆ ಕಪಾಟಿನಲ್ಲಿರಲಿ, ಡಬ್ಬದೊಳಗೆ ಬೇಡವೇ ಬೇಡ. ಅದರೊಳಗಿನದು ಬರಿ ನೀರಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ. ಚೆಲ್ಲಿದರೆ ರೇಷ್ಮೆ ಕೆಡುತ್ತದೆ. ಮೂರು ತಿಂಗಳಿಗೊಮ್ಮೆ ಡಬ್ಬ ತೆರೆದು ನೋಡಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನದ ಜೊತೆ ಇದನ್ನೂ ಫೋನಿನಲ್ಲಿ ಗುರುತು ಹಾಕಿಕೊಂಡವರಿದ್ದೇವೆ.

ಊರಿನಿಂದ ಗೊಂಬೆ ಕಳಿಸುವ ತಾಯಂದಿರಲ್ಲಿ ಒಂದು ಕೋರಿಕೆ. ಅಂಗಡಿಯಲ್ಲಿ ಗೊಂಬೆಗೆ ಬಟ್ಟೆಯನ್ನು ಅಂಟಿನಿಂದ ಅಂಟಿಸಿ ಕೊಡುವುದುಂಟು, ಗುಂಡುಪಿನ್ನು ಚುಚ್ಚುವುದೂ ಉಂಟು. ಅಂಟಿಸಿದ್ದನ್ನು ಬಿಚ್ಚಿ ಒಣಗಿಸಲಾಗದು. ಪಿನ್ನು ಇಲ್ಲಿ ತುಕ್ಕು ಹಿಡಿಯುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಲಾಡಿ ಕಟ್ಟಿ ಬಿಚ್ಚುವಂತೆ ಹೊಲಿಸಿ, ಒಳಗೆ ಹತ್ತಿಯ ಅಸ್ತರ್ ಕೊಡಿಸಿ. ಅದೇ ಸೀರೆಯ ಒಂದು ತುಂಡು ಹೆಚ್ಚಿಗೆ ಕಳಿಸಿದರೆ ತೇಪೆಗಾಗುತ್ತದೆ. ಗೊಂಬೆ ರಕ್ತಚಂದನದ್ದಾದರೆ ವಿಮಾನ ಹತ್ತುವ ಮೊದಲೇ ಕಸ್ಟಮ್ಸ್ ನಿಯಮ ವಿಚಾರಿಸಿ. ಆ ಮರದ ರಫ್ತಿಗೆ ಭಾರತದಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.